ಕೆಮ್ಮುವ ತೋಟಾ

ಗಿರಾವೀನ್, ಸಿಡ್ನಿ
11 ಜೂನ್ 2006

ರಾಜಣ್ಣ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಇ-ಮೇಲ್ ಮಾಡಿದರೆ ಓದದೆ ಅಳಿಸಿಬಿಡುತ್ತೇನೆ ಎಂದು ನೀನೇ ಹೇಳಿದ್ದೆ. ಫೋನ್ ಮಾಡಿದರೆ ಪೂರ್ತಿ ನೀನೇ ಮಾತಾಡುತ್ತೀಯ. ಹಾಗಾಗಿ ಪೆನ್ನು ಹಿಡಿದಿದ್ದೇನೆ.

ವಿಷಯ ಇಷ್ಟೇ, ನಾನು ಕೌಬಾಯ್ ಶೂಟಿಂಗ್ ಕ್ಲಬ್ ಸೇರಿದ್ದೇನೆ. ಏಪ್ರಿಲ್‌ನಲ್ಲಿ ಆಫೀಸಿನವರು ನಮ್ಮನ್ನೆಲ್ಲ ನಾರ್ತ್ ಸಿಡ್ನಿಯಿಂದ ಬಸ್ಸಿಗೆ ತುಂಬಿಕೊಂಡು ಒಂದು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿದ್ದರು. ಉಳಿದವರು ಸಾಸೇಜ್ ತಿಂದು ಮರೆತರು, ನಾನು ಮರೆಯಲಿಲ್ಲ. ನೂರು ನೂರಿಪ್ಪತ್ತು ವರ್ಷದ ಹಿಂದಿನ ಅಮೆರಿಕದ ದನಗಾಹಿಗಳ ವೇಷ ತೊಟ್ಟು, ಹಳೇ ಮಾದರಿಯ ಕೋವಿಯಿಂದ ಕಬ್ಬಿಣದ ತಟ್ಟೆಗಳಿಗೆ ಗುಂಡು ಹೊಡೆದು, ಯಾರು ಬೇಗ ಮುಗಿಸಿದರು ಎಂದು ಟೈಮರ್ ನೋಡುವ ಆಟ ಮೂವತ್ತಾರು ವರ್ಷದ ಹೆಂಗಸಿಗೆ ಯಾಕೆ ಎಂದು ದರ್ಶನ್ ಕೇಳಿದರು. ತಟ್ಟೆಗೆ ಗುಂಡು ತಾಗಿ ಠಣ್ ಎಂದರೆ ಆಫೀಸಿನ ಐದು ದಿನ ತಲೆಯಿಂದ ಇಳಿದುಹೋಗುತ್ತದೆ ಎಂದೆ. "ಆಯ್ತು, ಸಂಡೇ ಅಡುಗೆ ನಂದು" ಎಂದರು. ಗಂಡಂದಿರಲ್ಲಿ ಇಂಥವರು ಅಪರೂಪ, ನಿನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ನೀನು ಹತ್ತು ವರ್ಷದಿಂದ ಮೆಲ್ಬರ್ನ್‌ನಲ್ಲಿ ಇದೇ ಆಟ ಆಡುತ್ತಿದ್ದೀಯ. ಸ್ಪರ್ಧೆಗಳಲ್ಲಿ ಹೊಡೆಯುವವರ ಹೆಗಲ ಹಿಂದೆ ಟೈಮರ್ ಹಿಡಿದು ನಿಲ್ಲುವ ರೇಂಜ್ ಆಫೀಸರ್ ಬೇರೆ. ಅದಕ್ಕೇ ಕೇಳುತ್ತಿದ್ದೇನೆ: ಹೊಸಬಳಾದ ನಾನು ಯಾವ ಲೋಡ್ ಆರಿಸಿಕೊಳ್ಳಲಿ? ನಾವೇ ತುಂಬಿಕೊಳ್ಳುವ ತೋಟಾಕ್ಕೆ ಎಷ್ಟು ತೂಕದ ಗುಂಡು, ಯಾವ ಮದ್ದು?

ಕ್ಲಬ್ಬಿನಲ್ಲಿ ಕೇಳಿ ಕೇಳಿ ವಾಕರಿಕೆ ಬಂದಿದೆ. ಒಬ್ಬ ಹಗುರ ಗುಂಡು ಅನ್ನುತ್ತಾನೆ, ಒಬ್ಬ ಭಾರದ್ದು. ಒಬ್ಬ ಮದ್ದು ಕಡಿಮೆ ಹಾಕು, ಒದೆತ ಇರುವುದಿಲ್ಲ, ಬೇಗ ಬೇಗ ಹೊಡೆಯಬಹುದು ಅನ್ನುತ್ತಾನೆ. ಇನ್ನೊಬ್ಬನಿಗೆ ದಟ್ಟ ಹೊಗೆ ಬಿಡುವ ಕಪ್ಪು ಮದ್ದು ಬಿಟ್ಟು ಬೇರೆಯದೆಲ್ಲ ಪಾಪ. ಮೂಗು ಸೀಟಿದ ಕೈಯಲ್ಲೇ ನನ್ನ ತೋಟಾ ಎತ್ತಿ ತೂಗಿ ನೋಡುತ್ತಾರೆ, ಸೀಸದ ಕರಿ ಮೆತ್ತಿದ ಬೆರಳಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಾರೆ, ಮಧ್ಯೆ ನನ್ನನ್ನು "ಲವ್" ಎಂದು ಕರೆಯುತ್ತಾರೆ. ನನ್ನ ಕೈ ಎಷ್ಟು ತಡೆಯುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಷರ್ಲಿ ಎಂಬ ಎಪ್ಪತ್ತರ ಅಜ್ಜಿ ಮಾತ್ರ ಏನೂ ಹೇಳದೆ ತನ್ನ ರೈಫಲ್ ಕೈಗೆ ಕೊಟ್ಟಳು. ಅದು ತೀರಿಹೋದ ಅವಳ ಗಂಡನದಂತೆ. ನನ್ನದು ಅಂತ ಕೊಳ್ಳಲು ಲೈಸೆನ್ಸ್ ಬರುವ ತನಕ ರೇಂಜಿನಲ್ಲಿ ಅವಳ ಕಣ್ಣೆದುರಿಗೆ ಅದರಲ್ಲೇ ಹೊಡೆಯುತ್ತೇನೆ.

ಬೇಗ ಬರಿ. ಗೌರತ್ತಿಗೆಗೆ ನನ್ನ ನೆನಪು ಹೇಳು.

ಅನಸೂಯ

*

ಕ್ಲೇಟನ್, ಮೆಲ್ಬರ್ನ್
24 ಜೂನ್ 2006

ಅನಸೂಯಾ,

ಕಾಗದ ಓದಿ ಮೊದಲು ಸಂತೋಷ ಆಯಿತು, ಆಮೇಲೆ ಅಸಹ್ಯ ಆಯಿತು. ಸಂತೋಷ ನೀನು ಸೇರಿದ್ದಕ್ಕೆ. ಅಸಹ್ಯ, ಮದ್ದು ಕಡಿಮೆ ಹಾಕು ಎಂದವನ ಮಾತನ್ನು ಒಂದು ಸಲಹೆ ಎಂಬಂತೆ ನನಗೆ ಬರೆದು ಕಳಿಸಿದೆಯಲ್ಲ, ಅದಕ್ಕೆ.

ಈ ಹಗುರ ಲೋಡು ಈ ಆಟಕ್ಕೆ ಹಿಡಿದ ಗೆದ್ದಲು. ನಾನು ಅದನ್ನು ಕೆಮ್ಮುವ ತೋಟಾ ಎಂದು ಕರೆಯುತ್ತೇನೆ. ಢಮ್ ಅನ್ನಬೇಕಾದ ಕೋವಿ ಆಸ್ಪತ್ರೆ ವಾರ್ಡಿನ ಮುದುಕನ ಹಾಗೆ ಖೊಕ್ ಅನ್ನುತ್ತದೆ. ಗುಂಡು ತಟ್ಟೆಗೆ ಹೋಗಿ ತಾಗುವುದಿಲ್ಲ, ನಮಸ್ಕಾರ ಮಾಡಿ ಕೆಳಗೆ ಬೀಳುತ್ತದೆ. ಕಾಲು ಸೆಕೆಂಡು ಉಳಿಸಲು ಆರಡಿ ಗಂಡಸರು ಇಂಥದ್ದನ್ನು ಹೊಡೆದು ಕಪ್ ಎತ್ತಿ ಫೋಟೋ ತೆಗೆಸಿಕೊಳ್ಳುವುದನ್ನು ನೋಡಬೇಕು. ಥೂ.

ನಾನು ಹೇಳಿದ ಹಾಗೆ ಮಾಡು. ಗುಂಡು ಬರೀ ಸೀಸದ್ದಿರಲಿ, ತಾಮ್ರದ ಕವಚದ್ದಾದರೆ ತಟ್ಟೆಗೆ ಬಡಿದು ಚೂರು ನಿನ್ನ ಮುಖಕ್ಕೇ ವಾಪಸ್ ಬರುತ್ತದೆ. ಭಾರದ ಗುಂಡನ್ನೇ ತಗೋ. ಮದ್ದು, ಲೋಡಿಂಗ್ ಪುಸ್ತಕದಲ್ಲಿ ನಮ್ಮ ಆಟಕ್ಕೆ ಕೊಟ್ಟ ಮಿತಿಯ ಮೇಲಿನ ಅಂಚಿಗೆ ಹಾಕು. ಮೊದಲು ಭುಜ ನೋಯುತ್ತದೆ, ನೋಯಲಿ. ನೋವು ಗೊತ್ತಾಗದವನಿಗೆ ಕೋವಿಯ ಮೇಲೆ ಮರ್ಯಾದೆ ಬರುವುದಿಲ್ಲ. ಆ ಅಜ್ಜಿ ಮಾತು ಕೇಳಬೇಡ, ವಯಸ್ಸಾದವರೆಲ್ಲ ಹಗುರದ ಪಾರ್ಟಿ.

ಕ್ಲಬ್ಬಿನಲ್ಲಿ ಒಂದು ಕೌಬಾಯ್ ಹೆಸರು ಇಟ್ಟುಕೊಳ್ಳಬೇಕು, ಕೇಳಿರುತ್ತಾರೆ. ನನ್ನದು ಮೇಜರ್ ಮೈಸೂರು. ಇಲ್ಲಿ ಎಲ್ಲರೂ ಮೇಜರ್ ಎಂದೇ ಕರೆಯುತ್ತಾರೆ. ನೀನೂ ತೂಕದ ಹೆಸರು ನೋಡಿಕೋ.

ಎಂಟು ವರ್ಷದ ಹಿಂದೆ ಎರಡು ಸೂಟ್‌ಕೇಸ್ ಹಿಡಿದು ಏರ್‌ಪೋರ್ಟಿನಲ್ಲಿ ಅಳುತ್ತಾ ನಿಂತಿದ್ದ ಚಿಕ್ಕಪ್ಪನ ಮಗಳು ಈಗ ಕೋವಿ ಹಿಡಿಯುತ್ತಾಳೆ ಎಂದರೆ ನನಗೆ ಹೆಮ್ಮೆಯೇ. ಒಂದು ವರ್ಷ ನನ್ನ ಮನೆ ಅನ್ನ ತಿಂದದ್ದು ಸುಮ್ಮನೆ ಹೋಗಲಿಲ್ಲ.

ನಿನ್ನ ಅಣ್ಣ
ರಾಜಣ್ಣ

*

ಗಿರಾವೀನ್
16 ಜುಲೈ 2006

ರಾಜಣ್ಣ,

ನೀನು ಹೇಳಿದ ಹಾಗೇ ಮಾಡಿದೆ. ಷರ್ಲಿಯ ಪುಸ್ತಕ ನೋಡಿಕೊಂಡು, ಅವಳ ಬೆಂಚಿನಲ್ಲೇ ಕೂತು, ಭಾರದ ಗುಂಡು, ಮೇಲಿನ ಅಂಚಿನ ಮದ್ದು ಹಾಕಿ ನಲವತ್ತು ತೋಟಾ ಮಾಡಿದೆವು. ಇಪ್ಪತ್ತೆರಡು ಹೊಡೆಯುವಷ್ಟರಲ್ಲಿ ಭುಜ ಬದನೇಕಾಯಿ ಬಣ್ಣಕ್ಕೆ ತಿರುಗಿತು. ಅದಕ್ಕಿಂತ ಕೆಟ್ಟದ್ದು, ಹದಿನೈದನೆಯದರಿಂದ ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚತೊಡಗಿದೆ. ಹೆದರಿಕೆಗೆ ಮರ್ಯಾದೆ ಎಂದು ಹೆಸರಿಟ್ಟಿರುವವರ ಮೇಲೆ ಅವತ್ತು ನನಗೂ ಅಸಹ್ಯ ಬಂತು. ಬೇಜಾರು ಮಾಡಿಕೊಳ್ಳಬೇಡ, ನಿನಗೆ ಮಾತ್ರ ಹೇಳಿದ್ದಲ್ಲ.

ಷರ್ಲಿ ಉಳಿದ ಹದಿನೆಂಟನ್ನು ಎತ್ತಿಟ್ಟು ಒಂದೇ ಮಾತು ಕೇಳಿದಳು, ನಿನಗೆ ಬೇಕಾಗಿರುವುದು ಸದ್ದೋ, ತಟ್ಟೆಯೋ ಎಂದು. ತಟ್ಟೆ ಎಂದೆ. ಆಮೇಲೆ ಎರಡು ವಾರ ಅವಳು ಕಲಿಸಿದ್ದು ಇದು. ಮಧ್ಯಮಕ್ಕಿಂತ ಸ್ವಲ್ಪ ಹಗುರ ಗುಂಡು. ಉಬ್ಬಿಕೊಂಡು ಕೂರುವ ಮದ್ದು, ನೋಡಲು ಸಾಸಿವೆ ಗಾತ್ರದ ಕೋಡುಬಳೆಗಳ ಹಾಗಿದೆ. ತೋಟಾದ ಹಿತ್ತಾಳೆ ಕೇಸಿನಲ್ಲಿ ಮುಕ್ಕಾಲು ತುಂಬಿ ಕಾಣುತ್ತದೆ, ಮರೆತು ಎರಡು ಸಲ ಹಾಕಿದರೆ ಹೊರಗೇ ಚೆಲ್ಲುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲವಂತೆ.

ತೀರಾ ಹಗುರವೂ ಬೇಡ ಎಂದು ಅವಳೇ ಹೇಳಿದಳು. ರೈಫಲ್ಲಿನ ನಳಿಕೆ ಉದ್ದ, ತಳ್ಳುವ ಬಲ ಸಾಲದಿದ್ದರೆ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಮುಂದಿನದನ್ನು ಹೊಡೆದರೆ ನಳಿಕೆ ಉಬ್ಬುತ್ತದೆ, ಒಡೆದರೂ ಒಡೆಯಬಹುದು. ಹಾಗಾಗಿ ನನ್ನ ಲೋಡನ್ನು ವೇಗ ಅಳೆಯುವ ಯಂತ್ರದ ಮುಂದೆ ನೂರು ಸಲ ಹೊಡೆದು ನೋಡಿದೆವು. ನೂರೂ ಕ್ಲಬ್ಬಿನ ನಿಯಮದ ಒಳಗೇ ಇವೆ, ಒಂದೂ ಮಿತಿಗಿಂತ ಕೆಳಗಿಲ್ಲ. ಇನ್ನೊಂದು ಅಭ್ಯಾಸ: ಮದ್ದು ಹಾಕಿದ ಕೇಸುಗಳನ್ನು ಮರದ ಹಲಗೆಯ ತೂತುಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಬಿಟ್ಟು ಒಂದೊಂದರ ಒಳಗೂ ನೋಡಬೇಕು. ನಮ್ಮ ಗ್ಯಾರೇಜಿನಲ್ಲಿ ಹೊಸದಾಗಿ ಹಾಕಿಕೊಂಡ ಬೆಂಚಿನಲ್ಲಿ ನಾನು ಎರಡು ಸಲ ನೋಡುತ್ತೇನೆ.

ನನ್ನ ಹೆಸರು ತುಮಕೂರು ಕಿಡ್. ತೂಕ ಕಡಿಮೆ, ಗೊತ್ತು.

ಅನಸೂಯ

*

ಕ್ಲೇಟನ್
5 ಆಗಸ್ಟ್ 2006

ಅನಸೂಯಾ,

ಕೇಳುವುದು ನನ್ನನ್ನು, ಮಾಡುವುದು ಬಿಳೀ ಅಜ್ಜಿ ಹೇಳಿದ್ದು. ಒಳ್ಳೆಯದು. ಇನ್ನು ಮೇಲೆ ಕಾಗದವನ್ನೂ ಅವಳಿಗೇ ಬರಿ.

ನಿನ್ನ ಕೋಡುಬಳೆ ಮದ್ದಿನ ಬಗ್ಗೆ ನಾನೇನೂ ಹೇಳುವುದಿಲ್ಲ. ಇಲ್ಲಿಯೂ ಈಗ ಎಲ್ಲರ ಕೈಯಲ್ಲೂ ಅದೇ ಡಬ್ಬ. ಹೋದ ವಾರದ ಸ್ಪರ್ಧೆಯಲ್ಲಿ ಒಬ್ಬ ಹೊಡೆದದ್ದು ನನಗೆ ಕೇಳಿಸಲೇ ಇಲ್ಲ, ನನಗೆ ಕಿವಿ ಮಂದ ಆಗಿದೆಯೇ ಎಂದು ಅಲ್ಲಿದ್ದವರು ಕೇಳಿದರು. ನನ್ನ ಕಿವಿಗೆ ಏನೂ ಆಗಿಲ್ಲ. ಅವನು ಕೋವಿ ಬಿಟ್ಟು ಪೀಪಿ ಊದಬಹುದಿತ್ತು.

ಅಕ್ಟೋಬರ್ ಎರಡು, ಸೋಮವಾರ, ನಿಮಗೆ ರಜಾ. ಅವತ್ತು ನಿಮ್ಮ ಕ್ಲಬ್ಬಿನ ಸ್ಪರ್ಧೆ ಇದೆ, ಟೈಮರ್ ಹಿಡಿಯಲು ಹೊರಗಿನ ರೇಂಜ್ ಆಫೀಸರ್‌ಗಳು ಬೇಕು ಎಂದು ನಮಗೆ ಬರೆದಿದ್ದಾರೆ. ನಾನು ಒಪ್ಪಿದ್ದೇನೆ. ಹಿಂದಿನ ದಿನ ಭಾನುವಾರ ಆಯುಧಪೂಜೆ ಬೀಳುತ್ತದೆ. ಇದು ಯೋಗಾಯೋಗ. ಪೂಜೆ ನಿಮ್ಮ ಮನೆಯಲ್ಲೇ ಮಾಡೋಣ. ಕಾರಿಗೂ ಕಂಪ್ಯೂಟರಿಗೂ ಕುಂಕುಮ ಇಡುವ ಜನ ನಾವು, ನಿಜವಾದ ಆಯುಧ ಕೈಗೆ ಬಂದ ವರ್ಷ ಬಿಡುವುದುಂಟೇ? ನಿನ್ನ ಗ್ಯಾರೇಜಿನ ಲೋಡಿಂಗ್ ಬೆಂಚಿಗೆ ಸಾಂಗವಾಗಿ ಆಗಬೇಕು. ನಾನು ಮಾಡಿದ ಪೂಜೆಯಿಂದಾದರೂ ನಿನ್ನ ತೋಟಾ ಕೆಮ್ಮುವುದು ಬಿಡಲಿ.

ಪೆಂಡಲ್ ಹಿಲ್‌ನಲ್ಲಿ ಬೂದುಗುಂಬಳ, ವೀಳ್ಯದೆಲೆ ಸಿಗುತ್ತದಲ್ಲ, ತಂದಿಡು.

ರಾಜಣ್ಣ

*

ಗಿರಾವೀನ್
27 ಆಗಸ್ಟ್ 2006

ರಾಜಣ್ಣ,

ಕೋಪ ಇಳಿದಿದೆ ಎಂದುಕೊಂಡು ಬರೆಯುತ್ತಿದ್ದೇನೆ. ಬಾ, ಗೌರತ್ತಿಗೆಯನ್ನೂ ಕರೆದುಕೊಂಡು ಬಾ. ಕುಂಬಳಕಾಯಿ, ಎಲೆ, ಬಾಳೆಕಂದು ಎಲ್ಲ ತಂದಿಡುತ್ತೇನೆ. ಬೆಂಚು, ಮದ್ದು ಇಟ್ಟುಕೊಳ್ಳುವ ಅನುಮತಿ ಎಲ್ಲ ಷರ್ಲಿ ಹೇಳಿದ ಹಾಗೆ ಕ್ರಮವಾಗಿದೆ, ನೀನೇ ನೋಡುವೆಯಂತೆ.

ಒಂದೇ ಕೋರಿಕೆ. ಪೂಜೆ ಹಾಲ್‌ನಲ್ಲಿ ಮಾಡೋಣ. ಗ್ಯಾರೇಜಿನಲ್ಲೇ ಆಗಬೇಕು ಅನ್ನುವುದಾದರೆ ಅಲ್ಲಿ ಕರ್ಪೂರ, ಊದಿನಕಡ್ಡಿ, ದೀಪ ಮಾತ್ರ ಬೇಡ, ಮದ್ದು ಇರುವ ಜಾಗ. ಇದೊಂದರಲ್ಲಿ ಹಟ ಮಾಡಬೇಡ.

ಎರಡನೇ ತಾರೀಕು ನನ್ನ ಮೊದಲ ಸ್ಪರ್ಧೆ. ಅದು ಸುಸೂತ್ರವಾಗಿ ಮುಗಿದರೆ ಸ್ವಂತ ರೈಫಲ್ ಕೊಳ್ಳುವ ಲೈಸೆನ್ಸಿಗೆ ಕ್ಲಬ್ಬಿನವರು ಶಿಫಾರಸು ಪತ್ರ ಕೊಡುತ್ತಾರೆ. ಈ ದೇಶಕ್ಕೆ ಬಂದ ಮೇಲೆ ನನಗೇ ಬೇಕು ಎಂದು ನಾನು ಆಸೆಪಟ್ಟದ್ದು ಇದೊಂದೇ. ಓದು, ಕೆಲಸ, ಇಲ್ಲೇ ಉಳಿಯಲು ಪಿಆರ್, ಮನೆಗೆ ಮಾರ್ಟ್‌ಗೇಜ್ ಎಲ್ಲ ಮಾಡಲೇಬೇಕಾದ್ದಾಗಿತ್ತು, ಮಾಡಿದೆ.

ಅನಸೂಯ

*

ಕ್ಲೇಟನ್
9 ಅಕ್ಟೋಬರ್ 2006

ಅನಸೂಯಾ,

ಮನೆ ಮುಟ್ಟಿ ವಾರವಾಯಿತು. ಬರೆಯುವುದು ಬೇಡ ಎಂದು ಎರಡು ಸಲ ಕಾಗದ ಮಡಿಸಿಟ್ಟೆ.

ಸ್ಪರ್ಧೆಯ ದಿನ ನಾನು ಹೇಳದೆ ಹೊರಟು ಬಂದದ್ದು ನಿನ್ನ ಮುಖ ನೋಡಲು ಆಗಲಿಲ್ಲ ಎಂದು. ಆದದ್ದಿಷ್ಟೇ ತಾನೆ, ಮೂರನೇ ಸುತ್ತಿನಲ್ಲಿ ನಿನ್ನ ಗುಂಡು ನಳಿಕೆಯಲ್ಲಿ ಸಿಕ್ಕಿಕೊಂಡಿತು, ಮುಂದಿನದು ಅದರ ಬೆನ್ನಿಗೆ ಬಡಿಯಿತು, ಆ ಅಜ್ಜಿಯ ರೈಫಲ್ ಹಾವು ಕಪ್ಪೆ ನುಂಗಿದ ಹಾಗೆ ಉಬ್ಬಿತು. ನಳಿಕೆ ಸೀಳದೆ ನಿನ್ನ ಎಡಗೈ ಉಳಿದದ್ದು ಪೂಜೆಯ ಪುಣ್ಯ. ನಾನು ಜೂನ್‌ನಲ್ಲೇ ಹೇಳಿದ್ದೆ, ಈ ಕೆಮ್ಮುವ ಲೋಡು ಬೇಡ ಎಂದು. ಕೇಳಲಿಲ್ಲ. ಎಲ್ಲರೆದುರು ನನ್ನ ತಂಗಿ ಎಂದು ಪರಿಚಯ ಮಾಡಿಸಿಕೊಂಡವಳು ಹೀಗೆ ಮಾಡಿದಳಲ್ಲ ಎಂದು ಹೇಸಿಗೆಯಾಗಿದೆ.

ಆಗಿದ್ದರ ಬಗ್ಗೆ ಟೈಮರ್ ಹಿಡಿದಿದ್ದವನಾಗಿ ವರದಿ ಕೊಡಿ ಎಂದು ನಿಮ್ಮ ಕ್ಲಬ್ಬಿನವರು ಕೇಳಿದ್ದರು. ಕೊಟ್ಟಿದ್ದೇನೆ. ಹೊಸ ಸದಸ್ಯೆ, ಅನುಭವವಿಲ್ಲ, ಲೋಡು ಅಪಾಯಕಾರಿಯಾಗಿ ಹಗುರ ಎಂದು ಬರೆದಿದ್ದೇನೆ. ನಿನ್ನ ಒಳ್ಳೆಯದಕ್ಕೇ. ಅಣ್ಣ ಎಂದು ಮುಚ್ಚಿಡುವವನಲ್ಲ ನಾನು.

ರಾಜಣ್ಣ

*

ಗಿರಾವೀನ್
21 ಅಕ್ಟೋಬರ್ 2006

ರಾಜಣ್ಣ,

ನಿನ್ನ ವರದಿಯ ಪ್ರತಿಯನ್ನು ಕ್ಲಬ್ಬಿನವರು ನನಗೂ ಕಳಿಸಿದ್ದಾರೆ. ಅದರಲ್ಲಿರುವುದನ್ನು ಒಪ್ಪಿಕೊಂಡೆ. ತೋಟಾ ನನ್ನದು, ತಪ್ಪು ನನ್ನದೇ ಇರಬೇಕು. ನವೆಂಬರ್ ಹತ್ತೊಂಬತ್ತಕ್ಕೆ ಕಮಿಟಿ ಕೂರುತ್ತದೆ. ನನ್ನನ್ನು ಕ್ಲಬ್ಬಿನಲ್ಲಿ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಅವತ್ತು ತೀರ್ಮಾನ. ತೆಗೆದರೆ ಬೇರೆ ಯಾವ ಕ್ಲಬ್ಬೂ ಸೇರಿಸಿಕೊಳ್ಳುವುದಿಲ್ಲ, ಲೈಸೆನ್ಸ್ ಆಸೆ ಬಿಟ್ಟಂತೆಯೇ.

ಷರ್ಲಿ ಮನೆಗೆ ಹೋಗಿದ್ದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಟೀ ಮಾಡಿಕೊಟ್ಟಳು. ಉಬ್ಬಿದ ರೈಫಲ್ ಸೋಫಾದ ಮೇಲೆ ಇತ್ತು, ಅದರ ಪಕ್ಕದಲ್ಲೇ ಕೂತು ಟೀ ಕುಡಿದೆವು. "ನೂರು ಸಲ ಅಳೆದಿದ್ದೀವಿ, ಲೋಡ್ ಸರಿಯಾಗೇ ಇತ್ತು. ನಂಗೆ ಅರ್ಥ ಆಗ್ತಿಲ್ಲ" ಎಂದಷ್ಟೇ ಅವಳು ತನ್ನ ಇಂಗ್ಲಿಷಿನಲ್ಲಿ ಹೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು. ವಾಪಸ್ ಬರುವಾಗ ಟ್ರೇನಿನಲ್ಲಿ ನನ್ನ ಮೇಲೇ ನನಗೆ ಅಸಹ್ಯವಾಗಿ ಒಂದು ಸ್ಟೇಷನ್ ಮೊದಲೇ ಇಳಿದು ನಡೆದುಕೊಂಡು ಬಂದೆ.

ಒಂದು ಕೇಳಬೇಕು. ಪೂಜೆ ಮುಗಿದ ಮೇಲೆ ನೀನು, "ನೀನು ಹೋಗಿ ಊಟ ಬಡ್ಸು, ಗುಂಡು ನಾನು ಕೂರಿಸ್ತೀನಿ" ಎಂದೆ. ನಾನು ಮನೆಗೆ ಬಂದ ಅಂಕಲ್ ಆಂಟಿಯರಿಗೆಲ್ಲ ಬಡಿಸಿ ಬರುವಷ್ಟರಲ್ಲಿ ಐವತ್ತು ತೋಟಾವೂ ಮುಗಿದು ಡಬ್ಬಿಯಲ್ಲಿದ್ದವು. ಕೂರಿಸುವ ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡಿದೆ ತಾನೆ? ಯಾವುದಾದರೂ ಒಂದರಲ್ಲಿ ನಾನು ಮದ್ದು ಹಾಕುವುದನ್ನೇ ಮರೆತಿದ್ದೆನಾ?

ಅನಸೂಯ

*

ಕ್ಲೇಟನ್
30 ಅಕ್ಟೋಬರ್ 2006

ಅನಸೂಯಾ,

ಐವತ್ತೂ ನೋಡಿದೆ. ಹತ್ತು ವರ್ಷದಿಂದ ನೋಡುತ್ತಿರುವವನಿಗೆ ನಿನ್ನೆ ಮೊನ್ನೆ ಬಂದವಳು ಕೇಳುವ ಪ್ರಶ್ನೆಯೇ ಇದು? ಮದ್ದು ಇತ್ತು, ಹಗುರವಾಗಿತ್ತು, ಅಷ್ಟೇ.

ಉಳಿದ ತೋಟಾಗಳನ್ನು ಇಟ್ಟುಕೊಳ್ಳಬೇಡ. ಅಪಾಯ. ಕ್ಲಬ್ಬಿಗೆ ಕೊಟ್ಟು ನಾಶ ಮಾಡಿಸು, ಬೇಗ ಮಾಡಿಸು. ಕಮಿಟಿ ಮುಂದೆ ತಲೆ ತಗ್ಗಿಸಿ ತಪ್ಪಾಯಿತು ಅನ್ನು, ಹೆಂಗಸು ಎಂದು ಬಿಟ್ಟುಬಿಡುತ್ತಾರೆ. ಬಿಡದಿದ್ದರೂ ಏನಾಯಿತು, ಇದೇನು ಅನ್ನದ ಪ್ರಶ್ನೆಯೇ. ದೀಪಾವಳಿ ಚೆನ್ನಾಗಿ ಆಯಿತೇ? ಗೌರ ಚಕ್ಕುಲಿ ಪಾರ್ಸೆಲ್ ಮಾಡಿದ್ದಾಳೆ.

ರಾಜಣ್ಣ

*

ಗಿರಾವೀನ್
5 ನವೆಂಬರ್ 2006

ರಾಜಣ್ಣ,

ಬೇಗ ನಾಶ ಮಾಡಿಸು ಎಂದು ನೀನು ಬರೆಯದೇ ಇದ್ದಿದ್ದರೆ ನಾನು ಆ ಡಬ್ಬಿ ಮುಟ್ಟುತ್ತಲೇ ಇರಲಿಲ್ಲ.

ಐವತ್ತರಲ್ಲಿ ಹತ್ತೊಂಬತ್ತು ಹೊಡೆದಿದ್ದೆ. ಉಳಿದ ಮೂವತ್ತೊಂದನ್ನು ನಿನ್ನೆ ಷರ್ಲಿಯ ಮನೆಗೆ ತೆಗೆದುಕೊಂಡು ಹೋಗಿ, ಅವಳೆದುರಿಗೇ ಒಂದೊಂದರ ಗುಂಡು ಕಿತ್ತು, ಮದ್ದನ್ನು ಬಿಳೀ ಕಾಗದದ ಮೇಲೆ ಸುರಿದೆವು. ಇಪ್ಪತ್ತೇಳರಲ್ಲಿ ಸಲೀಸಾಗಿ ಜಾರಿ ಬಿತ್ತು, ತೂಗಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾಲ್ಕರಲ್ಲಿ ಬೀಳಲಿಲ್ಲ. ಕಡ್ಡಿ ಹಾಕಿ ಕೆದಕಬೇಕಾಯಿತು. ನೆನೆದು ಮುದ್ದೆಯಾಗಿ, ತಳಕ್ಕೆ ಹಳದಿಯಾಗಿ ಅಂಟಿಕೊಂಡಿತ್ತು. ಎರಡರಲ್ಲಿ ಅಕ್ಷತೆ ಕಾಳು. ಅರಿಶಿನ ಹಚ್ಚಿದ ಅಕ್ಕಿ ರಾಜಣ್ಣ, ಬೇರೇನೂ ಅಲ್ಲ. ಷರ್ಲಿ ಕನ್ನಡಕ ಏರಿಸಿ, "ಇದೇನು ರೈಸಾ?" ಎಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪೂಜೆಗೆ ಮೊದಲೇ ಮದ್ದು ಹಾಕಿಟ್ಟ ಕೇಸುಗಳ ಮೇಲೆ ನಾನು ಪ್ಲಾಸ್ಟಿಕ್ ಮುಚ್ಚಿಟ್ಟಿದ್ದೆ. ತೆಗೆದವನು ನೀನು. "ಅರ್ಧ ಆದ ಕೆಲ್ಸಾನೂ ಆಯುಧಾನೇ ಕಣೇ, ಮುಚ್ಬಾರ್ದು" ಎಂದೆ. ಕರ್ಪೂರ ಬೇಡ ಎಂದದ್ದನ್ನು ನಡೆಸಿಕೊಟ್ಟೆ, ಅದಕ್ಕೆ ಬದಲಾಗಿ ಎಲೆಯಲ್ಲಿ ತೀರ್ಥ ಅದ್ದಿ ಅದ್ದಿ ಬೆಂಚಿನ ತುಂಬ ಪ್ರೋಕ್ಷಣೆ ಮಾಡಿ, ಮುಷ್ಟಿ ಮುಷ್ಟಿ ಅಕ್ಷತೆ ಎರಚಿದೆ. ಐವತ್ತೂ ನೋಡಿದೆ ಎಂದು ಕಾಗದದಲ್ಲಿ ಸುಳ್ಳು ಬರೆದೆ. ಮರುದಿನ ಬೆಳಗ್ಗೆ ಸ್ಪರ್ಧೆಯಲ್ಲಿ ಹೊಡೆಯುವಾಗ ಖೊಕ್ ಎಂದಿತು. ನಾನು ನಿಲ್ಲಿಸಿದೆ. ರೈಫಲ್ ಕೆಳಗಿಳಿಸಿ ನಿನ್ನ ಕಡೆ ತಿರುಗಿದ್ದೆ, ನೆನಪಿದೆಯಾ? ಸದ್ದು ಕೆಟ್ಟರೆ ನಿಲ್ಲಿಸು ಎಂದು ಕೂಗುವುದಕ್ಕೇ ಟೈಮರಿನವನು ಅಲ್ಲಿ ನಿಲ್ಲುವುದು. ನೀನು, "ನಿನ್ ಲೋಡೇ ಅಷ್ಟು ಕಣೇ, ಹೊಡಿ ಹೊಡಿ, ಟೈಮ್ ಹೋಗ್ತಿದೆ" ಎಂದೆ. ಕನ್ನಡದಲ್ಲಿ ಹೇಳಿದ್ದರಿಂದ ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ನಾನು ಹೊಡೆದೆ.

ಇನ್ನೊಂದು. ಖೊಕ್ ಎಂದ ತೋಟಾದ ಕೇಸು ನಿನ್ನ ಬೂಟಿನ ಹತ್ತಿರ ಹಾರಿ ಬಿತ್ತು. ನೀನು ಅದನ್ನು ಬಗ್ಗಿ ಎತ್ತಿಕೊಂಡದ್ದು ನನಗೆ ಕಾಣಿಸಿತು. ನಿನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಆ ವರದಿ ಬರೆದೆ.

ನನಗೆ ಕೋಪ ಬಂದಿದೆ ಎಂದುಕೊಳ್ಳಬೇಡ, ಕೋಪ ಬಂದಿದ್ದರೆ ಫೋನ್ ಮಾಡಿ ಕೂಗಾಡುತ್ತಿದ್ದೆ. ಇದು ಬರೀ ಹೇಸಿಗೆ. ನೀನು ಕಳಿಸಿದ ಚಕ್ಕುಲಿ ಬಿಚ್ಚಲು ಮನಸ್ಸಾಗದೆ ಹಾಗೇ ಇಟ್ಟಿದ್ದೇನೆ, ಗೌರತ್ತಿಗೆ ಕೈಯ ಚಕ್ಕುಲಿಯನ್ನು.

ಹತ್ತೊಂಬತ್ತರ ಒಳಗೆ ಕಮಿಟಿಗೆ ನಿಜ ಬರಿ. ನೀನೇ ಬರಿ.

ಅನಸೂಯ

*

ಕ್ಲೇಟನ್
13 ನವೆಂಬರ್ 2006

ಅನಸೂಯಾ,

ನಿನ್ನ ಕಾಗದವನ್ನು ಗೌರ ಓದಬಾರದೆಂದು ಕೆಲಸಕ್ಕೆ ತೆಗೆದುಕೊಂಡು ಹೋಗಿ ಓದಿದೆ. ನನಗೆ ನನ್ನ ಮೇಲೆ ಏನನ್ನಿಸುತ್ತಿದೆ ಎಂದು ಬರೆದರೆ ನೀನು ನಂಬುವುದಿಲ್ಲ.

ಹೌದು, ಟಾರ್ಚ್ ಬಿಟ್ಟು ನೋಡಲಿಲ್ಲ. ಹಸಿವಾಗಿತ್ತು, ಒಬ್ಬಟ್ಟಿನ ವಾಸನೆ ಬರುತ್ತಿತ್ತು, ಮೇಲಿಂದ ಕಣ್ಣಾಡಿಸಿ ಸಾಕು ಎಂದುಕೊಂಡೆ. ಹೌದು, ಕೇಸು ಎತ್ತಿಕೊಂಡೆ. ಒಳಗೆ ಸುಡದೆ ಉಳಿದ ಮದ್ದು ಹಳದಿಯಾಗಿ ಮೆತ್ತಿತ್ತು. ವಾಪಸ್ ಬರುವಾಗ ಗುಂಡಗೈ ಎನ್ನುವ ಊರು ದಾಟಿದ ಮೇಲೆ ಪೆಟ್ರೋಲ್ ಬಂಕಿನ ಕಸದ ಡಬ್ಬಿಗೆ ಹಾಕಿದೆ. ಅದಾದ ಮೇಲೆ ಮನೆ ತಲುಪುವ ತನಕ ಗೌರನ ಜೊತೆ ಮಾತಾಡಲಿಲ್ಲ, ಅವಳು ನಿನ್ನ ಮೇಲಿನ ಸಿಟ್ಟು ಎಂದುಕೊಂಡಳು. ಹಾಗೇ ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಖೊಕ್ ಎಂದಾಗ ಮಾತ್ರ ನಾನು ಮೋಸ ಮಾಡಲಿಲ್ಲ, ಅದನ್ನು ನಂಬು. ನಿನ್ನ ಲೋಡು ಕೆಮ್ಮುತ್ತದೆ ಎಂದು ನಾಲ್ಕು ತಿಂಗಳಿಂದ ನಾನೇ ಹೇಳಿ ಹೇಳಿ, ಕೆಮ್ಮಿದಾಗ ಸರಿಯಾಗಿಯೇ ಇದೆ ಎಂದುಕೊಂಡೆ.

ಕಮಿಟಿಗೆ ಬರೆದಿದ್ದೇನೆ, ನಿನ್ನೆಯೇ ಪೋಸ್ಟ್ ಮಾಡಿದೆ. ಹಿಂದಿನ ದಿನ ಸದಸ್ಯೆಯ ಮನೆಯಲ್ಲಿ ಒಂದು ಧಾರ್ಮಿಕ ವಿಧಿ ನಡೆದಿತ್ತು, ಮನೆಯವರು ತಿಳಿಯದೆ ನೀರು ಮತ್ತು ಅಕ್ಕಿ ಚಿಮುಕಿಸಿದ್ದರಿಂದ ಮದ್ದು ಕೆಟ್ಟಿರಬಹುದು, ಲೋಡಿನ ಆಯ್ಕೆಯಲ್ಲಿ ದೋಷ ಇಲ್ಲ ಎಂದು ಬರೆದಿದ್ದೇನೆ. ಇದರಿಂದ ನಿನ್ನ ಲೋಡಿನ ಮೇಲಿನ ಆರೋಪ ಹೋಗುತ್ತದೆ. ನನ್ನ ಹೆಸರು ಹಾಕಿಲ್ಲ. ಹಾಕಿದರೆ ನನ್ನ ಟೈಮರ್ ಕಸಿದುಕೊಳ್ಳುತ್ತಾರೆ. ಡಿಪೋದಲ್ಲಿ ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವನನ್ನು ಮೇಜರ್ ಎಂದು ಕರೆಯುವ ಜಾಗ ಅದೊಂದೇ. ನೀನು ಚಿಕ್ಕವಳು, ಇನ್ನೊಂದು ವರ್ಷ ಕಾಯಬಹುದು. ನನಗೆ ಐವತ್ತನಾಲ್ಕು.

ಅದರಲ್ಲಿ ಒಂದು ಸುಳ್ಳೂ ಇಲ್ಲ, ಒಂದು ಹೆಸರು ಇಲ್ಲ ಅಷ್ಟೇ. ಅರ್ಥ ಮಾಡಿಕೊಳ್ಳುತ್ತೀಯ ಎಂದುಕೊಂಡಿದ್ದೇನೆ.

ರಾಜಣ್ಣ

*

ಗಿರಾವೀನ್
20 ನವೆಂಬರ್ 2006

ರಾಜಣ್ಣ,

ನಿನ್ನೆ ಕಮಿಟಿ ಮುಗಿಯಿತು. ಬೇರೆಯವರಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯಬೇಕು ಎಂದು ಆಫೀಸಿಗೆ ಹೋಗದೆ ಕೂತಿದ್ದೇನೆ.

ನಿನ್ನ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. "ಮನೆಯವರು ತಿಳಿಯದೆ" ಎಂಬಲ್ಲಿಗೆ ಬಂದಾಗ ಕಮಿಟಿಯ ಏಳು ಜನವೂ ತಲೆ ಎತ್ತಿ ನನ್ನನ್ನು ನೋಡಿದರು. ಮನೆಯವರು ಎಂದರೆ ಅವರಿಗೆ ದರ್ಶನ್, ಇಲ್ಲ ನಾನು. ದರ್ಶನ್ ಅವತ್ತು ಗ್ಯಾರೇಜಿಗೆ ಕಾಲೂ ಇಟ್ಟಿರಲಿಲ್ಲ, ಒಳಗೆ ಒಬ್ಬಟ್ಟು ಬೇಯಿಸುತ್ತಿದ್ದರು. ನೀನು ತಿಂದದ್ದು ಅದನ್ನೇ. ನಿಜವನ್ನು ಸುಳ್ಳಿಗಿಂತ ಕೊಳಕಾಗಿ ಬರೆಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಓದಿ ಮುಗಿಸಿದವರು ಕಾಗದ ಮಡಿಸಿಟ್ಟರು, ನಾನು ಒಂದು ಲೋಟ ನೀರು ಕೇಳಿದೆ.

ಷರ್ಲಿ ಕಮಿಟಿಗೆ ಕೇಳಿಸಲೆಂದು ನೇರವಾಗಿ ಕೇಳಿದಳು, ಆ ಅಕ್ಕಿ ಎರಚಿದ್ದು ಯಾರು ಎಂದು. ನನ್ನ ಅಣ್ಣ ಎಂದೆ. ಗುಂಡು ಕೂರಿಸಿದ್ದು? ನನ್ನ ಅಣ್ಣ. ಸದ್ದು ಕೆಟ್ಟಾಗ ನಿನ್ನ ಹಿಂದೆ ಟೈಮರ್ ಹಿಡಿದಿದ್ದವರು? ಅವರೇ ಎಂದೆ. ನೀನು ಕನ್ನಡದಲ್ಲಿ ಏನು ಹೇಳಿದೆ ಎಂಬುದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಕಸದ ಡಬ್ಬಿಯ ವಿಷಯ ಹೇಳಲಿಲ್ಲ, ಅದು ನೀನಾಗಿ ನನಗೆ ಬರೆದದ್ದು.

ಆಮೇಲೆ ನನ್ನದನ್ನೂ ಹೇಳಿದೆ. ಇದನ್ನು ನಿನಗೂ ಬರೆದಿರಲಿಲ್ಲ. ನೀನು ಅಕ್ಷತೆ ಎರಚಿದಾಗ ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ. ಒಂದು ಕಾಳು ಹಲಗೆಯ ಅಂಚಿಗೆ ಬಡಿದು ಕೇಸಿನ ಬಾಯಿಯ ಹತ್ತಿರ ಹಾರಿದ್ದನ್ನು ಕಣ್ಣಾರೆ ಕಂಡೆ. ಬಂದವರೆಲ್ಲ ಕೈಮುಗಿದು ನಿಂತಿದ್ದರು, ಅಷ್ಟು ಜನರ ಮುಂದೆ ಅಣ್ಣನಿಗೆ ಹೀಗಲ್ಲ ಎನ್ನುವುದು ಹೇಗೆ ಎಂದು ಬಾಯಿ ಮುಚ್ಚಿಕೊಂಡೆ. ಐವತ್ತೂ ಮುಗಿದು ಡಬ್ಬಿಯಲ್ಲಿದ್ದದ್ದು ಕಂಡಾಗ, ಒಳಗೆ ನೋಡಿದೆಯಾ ಎಂದು ಕೇಳದೆ ಮತ್ತೆ ಬಾಯಿ ಮುಚ್ಚಿಕೊಂಡೆ. ಸದ್ದು ಕೆಟ್ಟಿದೆ ಎಂದು ಕಿವಿಗೆ ಗೊತ್ತಾಗಿದ್ದೂ ನೀನು ಹೊಡಿ ಎಂದೆ ಎಂದು ಹೊಡೆದೆ. ಮೂರು ಸಲ. ನಿನ್ನ ಮೇಲೆ ಹೇಸಿಗೆ ಎಂದು ಬರೆದಿದ್ದೆನಲ್ಲ, ಅದರಲ್ಲಿ ನನ್ನ ಪಾಲೂ ಇತ್ತು.

ಕ್ಲಬ್ಬಿನಿಂದ ತೆಗೆಯಲಿಲ್ಲ. ಶಿಫಾರಸು ಪತ್ರ ಆರು ತಿಂಗಳು ಮುಂದೆ ಹೋಯಿತು, ಅಲ್ಲಿಯ ತನಕ ಷರ್ಲಿ ಪಕ್ಕದಲ್ಲಿಲ್ಲದೆ ನಾನು ಒಂದು ತೋಟಾವನ್ನೂ ಮಾಡುವಂತಿಲ್ಲ. ಲೋಡು ಅದೇ ಇರಲಿ, ಬದಲಾಯಿಸಬೇಡ ಎಂದರು.

ಎಲ್ಲ ಮುಗಿದು ಏಳುವಾಗ ಅಧ್ಯಕ್ಷರು ಒಂದು ಮಾತು ಕೇಳಿದರು. ಮೆಲ್ಬರ್ನ್ ಕ್ಲಬ್ಬಿಗೆ ಉತ್ತರ ಬರೆಯಬೇಕು, ಅದಕ್ಕೆ ಮೊದಲು ಅವತ್ತು ಕೋವಿ ಹಿಡಿದಿದ್ದವಳ ಅಭಿಪ್ರಾಯ ಬೇಕು ಎಂದರು. ನಿನ್ನ ಅಣ್ಣ ಇನ್ನೊಬ್ಬ ಹೊಸಬರ ಹಿಂದೆ ಟೈಮರ್ ಹಿಡಿದು ನಿಲ್ಲಬಹುದಾ ಎಂದು ನನ್ನನ್ನು ಕೇಳಿದರು, ರಾಜಣ್ಣ. ಏರ್‌ಪೋರ್ಟು ನೆನಪಾಯಿತು, ನಿನ್ನ ಮನೆಯ ಒಂದು ವರ್ಷದ ಅನ್ನ ನೆನಪಾಯಿತು, ನಿನ್ನನ್ನು ಮೇಜರ್ ಎಂದು ಕರೆಯುವವರು ನೆನಪಾದರು.

ಬೇಡ ಎಂದೆ.

ಅನಸೂಯ